ವಿಜ್ಞಾನ ವ್ಯಾಖ್ಯಾನ ಕನ್ನಡದಲ್ಲೂ ಆಗಲಿ

ಫೆಬ್ರುವರಿ 28 ಬಂತೆಂದರೆ ಶಾಲೆಗಳಲ್ಲಿ ಸಿ.ವಿ. ರಾಮನ್ ಫೋಟೋಕ್ಕೆ ಹಾರ, ಎರಡು ಭಾಷಣ, ಮುಗೀತು. ವಿಜ್ಞಾನ ದಿನ ಶುರುವಾದದ್ದು 1987ರಲ್ಲಿ. ಜನರೆದುರು ವಿಜ್ಞಾನ ಹೇಳುವ ರೂಢಿ ಅದಕ್ಕಿಂತ ಹಳೆಯದು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ಉಪನ್ಯಾಸ ನಡೆಸಿದರು. 1966ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮರಾಠಿ ವಿಜ್ಞಾನ ಪರಿಷತ್ತು ಮಹಾರಾಷ್ಟ್ರದ ಅನೇಕ ಊರುಗಳಲ್ಲಿ ವ್ಯಾಖ್ಯಾನದ ರುಚಿ ಹಚ್ಚಿತು.

ಅಕ್ಕಲಕೋಟ, ಜತ್ತ ತಾಲೂಕಿನ ಕನ್ನಡ ಶಾಲೆ ಮಕ್ಕಳು ಮಾತ್ರ ನಡುವೆ ಉಳಿದರು. ಬೆಂಗಳೂರು ದೂರ, ಸೊಲ್ಲಾಪುರದ ವ್ಯಾಖ್ಯಾನ ಮರಾಠಿಯಲ್ಲಿ. ಮಕ್ಕಳಿಗೆ ಮರಾಠಿ ಬರೋದಿಲ್ಲ ಅಂತಲ್ಲ, ಪೇಟೆ ಮಾತು ಸಲೀಸಾಗಿ ಬರ್ತದೆ. ತೊಡಕಿರುವುದು ಪಾರಿಭಾಷಿಕ ಪದದಲ್ಲಿ. ರಾಮನ್ ಪರಿಣಾಮ ಅಂದರೆ ಬೆಳಕಿನ ಚದುರಿಕೆ. ಅದಕ್ಕೆ ಮರಾಠಿಯಲ್ಲಿ ‘ವಿಕಿರಣ’ ಎನ್ನುತ್ತಾರೆ. ಕನ್ನಡದಲ್ಲಿ ವಿಕಿರಣ ಎಂದರೆ ರೇಡಿಯೇಶನ್! ಕೂತು ಕೇಳಿದ ಹುಡುಗ ತಪ್ಪನ್ನೇ ಕಲಿತು ಮನೆಗೆ ಹೋದರೆ ಯಾರನ್ನು ದೂರಬೇಕು?

ಮರಾಠಿ ವ್ಯಾಖ್ಯಾನ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅದರ ಜೋಡಿ ತಿಂಗಳಿಗೊಂದು ಕನ್ನಡದ್ದೂ ಇರಲಿ. ವಿಜಯಪುರ, ಕಲಬುರಗಿಯ ಪ್ರಾಧ್ಯಾಪಕರಿಗೆ ಇದು ಬೆಳಗ್ಗೆ ಬಂದು ಸಂಜೆ ಮರಳುವ ದಾರಿ. ಶಾಲೆಯ ಹಾಲ್, ಒಂದು ಮೈಕು ಸಾಕು. ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಸ್ವಲ್ಪ ಇದಕ್ಕೂ ತೆಗೆದಿಡಲಿ. ಭಾಷೆ ಉಳಿಯೋದು ಬರೀ ಹಾಡಿನಿಂದಲ್ಲ, ಕಲಿಕೆಯಿಂದಲೂ.