ಪಾರ್ಟ್‌ಟೈಮ್ ದುಡಿಮೆಯಿಂದ ಸಾಲ ತೀರುವುದಿಲ್ಲ

ಇಪ್ಪತ್ತು ಲಕ್ಷ ರೂಪಾಯಿ ಸಾಲವೆಂದರೆ ಎಷ್ಟು ತೊಗರಿ ಎಂದು ನಮ್ಮ ಕಲಬುರಗಿ ಜಿಲ್ಲೆಯ ಮುಧೋಳದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದೇ ದರ ಪೂರ್ತಿ ಸಿಕ್ಕರೂ 250 ಕ್ವಿಂಟಲ್ ಮಾರಬೇಕು. ಮಳೆಯನ್ನೇ ನಂಬಿದ ನೆಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಕೈಗೆ ಹತ್ತಿದರೂ, ಬೀಜ, ಗೊಬ್ಬರ, ಕೂಲಿ ಯಾವುದನ್ನೂ ಕಳೆಯದೆ, ಅರವತ್ತೆರಡೂವರೆ ಎಕರೆಯ ರಾಶಿ ಅದು. ಇಷ್ಟು ಚೊಕ್ಕ ಲೆಕ್ಕ ಬಲ್ಲ ಮನೆಗಳೇ ಮಕ್ಕಳನ್ನು ಬರ್ಮಿಂಗ್‌ಹ್ಯಾಮ್‌ಗೋ ಟೊರಾಂಟೊಗೋ ಓದಲು ಕಳಿಸುವಾಗ ಒಂದು ಮಾತಿಗೆ ಸೋಲುತ್ತವೆ: “ಒಂದ್ ವರ್ಷ ಅಷ್ಟೇರಿ, ಪಾರ್ಟ್‌ಟೈಮ್ ಮಾಡಿ ಅವನೇ ಕಟ್ಕೊಂತಾನ.”

ಈ ಮಾತು ಸುಳ್ಳು. ಹೈದರಾಬಾದಿನಲ್ಲೂ ಕಲಬುರಗಿಯಲ್ಲೂ ಇದನ್ನು ಮಾರುತ್ತಿರುವ ವಿದೇಶಿ ಓದಿನ ಕನ್ಸಲ್ಟೆನ್ಸಿಗಳಿಗೆ ಇದು ಸುಳ್ಳೆಂದು ಚೆನ್ನಾಗಿ ಗೊತ್ತು. ಎಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ವಿದ್ಯಾರ್ಥಿ ತುಂಬುವ ಫೀಸಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಇವರಿಗೊಂದು ಪಾಲು ಕಮಿಷನ್ ಕೊಡುತ್ತವೆ. ಹೀಗಿರುವಾಗ “ಬೇಡ, ನಿಮ್ಮಿಂದ ಆಗದು” ಎಂದು ಎಷ್ಟು ಮಂದಿ ಹೇಳಿಯಾರು?

ಬ್ರಿಟನ್ನಿನ 2025ರ ಲೆಕ್ಕವನ್ನೇ ಬಿಡಿಸಿ ನೋಡೋಣ. ತರಗತಿಗಳು ನಡೆಯುವಾಗ ವಿದ್ಯಾರ್ಥಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2025ರ ಏಪ್ರಿಲ್‌ನಲ್ಲಿ 21 ವರ್ಷ ತುಂಬಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ 244 ಪೌಂಡ್, ತಿಂಗಳಿಗೆ ಸುಮಾರು 1,058. ಲಂಡನ್ನಿನ ಹೊರಗೆ ಬದುಕಲು ತಿಂಗಳಿಗೆ 1,136 ಪೌಂಡ್, ಲಂಡನ್ನಿನಲ್ಲಾದರೆ 1,483 ಪೌಂಡ್ ತೋರಿಸಬೇಕೆಂದು ಅದೇ ವರ್ಷದ ಜನವರಿಯಲ್ಲಿ ನಿಗದಿ ಮಾಡಿದ್ದು ಅಲ್ಲಿನ ಸರ್ಕಾರವೇ. ಅಂದರೆ ಇಳಿದ ದಿನವೇ ಕೆಲಸ ಸಿಕ್ಕು, ಒಂದು ವಾರವೂ ತಪ್ಪದೆ, ಜ್ವರ ಬಂದರೂ ಮಲಗದೆ ದುಡಿದರೂ ಊಟ ಮತ್ತು ಬಾಡಿಗೆಗೇ 78 ಪೌಂಡ್ ಕೊರತೆ. ಫೀಸಿಗೆ ಒಂದು ಪೆನ್ನಿಯೂ ಉಳಿಯದು, ಸಾಲಕ್ಕಂತೂ ಇಲ್ಲವೇ ಇಲ್ಲ. ಬೇಸಿಗೆ ರಜೆಯಲ್ಲಿ ಪೂರ್ತಿ ದುಡಿದು ತುಂಬಿಸಬಹುದಲ್ಲ ಎನ್ನುವವರಿದ್ದಾರೆ. ಒಂದು ವರ್ಷದ ಮಾಸ್ಟರ್ಸ್ ಓದುವವರಿಗೆ ಬೇಸಿಗೆ ಪ್ರಬಂಧ ಬರೆಯುವ ಕಾಲ. ಸಾಮಾನ್ಯವಾಗಿ ಆಗಲೂ ಅದೇ 20 ಗಂಟೆಯ ಮಿತಿ.

ಕೆನಡಾದ ಕತೆಯೂ ಬೇರೆಯಲ್ಲ. 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ ದುಡಿಯಲು ಅವಕಾಶವಿದೆ. ಒಂಟಾರಿಯೊದ 2025ರ ಅಕ್ಟೋಬರ್ ದರವಾದ 17.60 ಡಾಲರ್ ಕೂಲಿಯಲ್ಲಿ ವರ್ಷದ 52 ವಾರವೂ ದುಡಿದರೆ 21,965 ಡಾಲರ್. ಫೀಸು ಬಿಟ್ಟು ಬದುಕಿಗಷ್ಟೇ 22,895 ಡಾಲರ್ ತೋರಿಸಿ ಎನ್ನುತ್ತದೆ 2025ರ ಸೆಪ್ಟೆಂಬರ್‌ನ ನಿಯಮ. ಅಮೆರಿಕದಲ್ಲಂತೂ ಎಫ್-1 ವೀಸಾದವರು ಮೊದಲ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವಂತೆಯೇ ಇಲ್ಲ.

ಕೊರತೆ ತುಂಬಲು ಹುಡುಗರು ಏನು ಮಾಡುತ್ತಾರೆ? ಬೇರೊಬ್ಬರ ಹೆಸರಿನ ಡೆಲಿವರಿ ಆ್ಯಪ್ ಖಾತೆಯನ್ನು ವಾರದ ಬಾಡಿಗೆಗೆ ಹಿಡಿದು, ಮಳೆಯಲ್ಲಿ ಸೈಕಲ್ ತುಳಿದು ಊಟ ಮುಟ್ಟಿಸುತ್ತಾರೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿಯಿಲ್ಲ, ಈ ಡೆಲಿವರಿ ಕೆಲಸ ಆ ಲೆಕ್ಕಕ್ಕೇ ಸೇರುತ್ತದೆ. ದುಡ್ಡು ಮೊದಲು ಖಾತೆಯ ಒಡೆಯನ ಕೈಗೆ ಬೀಳುತ್ತದೆ. ಅವನು ಕೊಡದಿದ್ದರೆ ಕೇಳಲು ಠಾಣೆಗೆ ಹೋಗುವಂತಿಲ್ಲ. ಹೋದರೆ ವೀಸಾ ಹೋಗುವ ಭಯ. ಅಪಘಾತವಾದರೂ ಅಷ್ಟೆ. ಅಮೆರಿಕದಲ್ಲಿ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಗದಿಗೆ ನಿಲ್ಲುವವರ ಪಾಡೂ ಇದೇ. ಈ ಭಯ ಗೊತ್ತಿರುವ ಮಾಲೀಕನೇ ಕಾನೂನಿನ ಕೂಲಿಗಿಂತ ಕಡಿಮೆ ಕೊಡುತ್ತಾನೆ.

ಇದನ್ನು ಕೇಳಿದೊಡನೆ “ಅಲ್ಲಿ ಹೋಗಿ ಪಾತ್ರೆ ತೊಳೆಯೋದು ಬೇಕಿತ್ತಾ?” ಎಂದು ಮೂಗು ಮುರಿಯುವವರಿದ್ದಾರಲ್ಲ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ಶಹಾಬಾದಿನ ಕಲ್ಲಿನ ಗಣಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಪಾಳಿ, ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಕಂಡ ಮಕ್ಕಳಿಗೆ ಪಾತ್ರೆ ತೊಳೆಯುವುದು ಅವಮಾನವಲ್ಲ. ಕೈಖರ್ಚಿಗೆ, ಪುಸ್ತಕಕ್ಕೆ, ಊರಿಗೆ ಒಂದು ಟಿಕೆಟ್ಟಿಗೆ ದುಡಿಯಲಿ, ಒಳ್ಳೆಯದೇ. ಆ ದುಡಿಮೆಯನ್ನು ಸಾಲ ತೀರಿಸುವ ಆದಾಯವೆಂದು ಮನೆಯವರ ಮುಂದೆ ಬರೆದು ತೋರಿಸುವುದು ಅಪರಾಧ.

ಸರ್ಕಾರಗಳ ಪಾಲೂ ಇದರಲ್ಲಿದೆ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದ ಮೇಲೆ. ಅದರ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ನೂರು ವರ್ಷ ದಾಟಿದ ಮೇಲೂ ಅದೇ ಪಾಡು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಓದಿನ ಸಾಲಕ್ಕೆ ಬಡ್ಡಿ ತುಂಬುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ 2022–23ರಿಂದ ನಿಲ್ಲಿಸಿತು. ಪರಿಶಿಷ್ಟ ಜಾತಿ ಮೊದಲಾದವರಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2025–26ರಲ್ಲಿ 106 ಮಂದಿ ಆಯ್ಕೆಯಾದರು. ಮೊದಲಿಗೆ ಪತ್ರ ಕೈಸೇರಿದ್ದು 40 ಮಂದಿಗೆ. ಉಳಿದವರಿಗೆ ಹಣ ಬಂದರೆ ನೋಡೋಣ ಎಂದರು. ಸೆಪ್ಟೆಂಬರ್‌ಗೆ ತರಗತಿ ಶುರುವಾಗುವ ಹುಡುಗಿ ಎಷ್ಟು ದಿನ ಕಾಯಬೇಕು? ಕಾಯಲಾಗದೆ ಖಾಸಗಿ ಸಾಲಕ್ಕೆ ಸಹಿ ಹಾಕುತ್ತಾಳೆ, ಓದುವ ತಿಂಗಳುಗಳಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ವಿದೇಶಕ್ಕೆ ಕೂಲಿಗೆ ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಓದಲು ಕಳಿಸುವವನು ಆ ಕಾಯ್ದೆಯ ಹೊರಗೆ. ಪಂಜಾಬ್ 2012ರಲ್ಲೇ ಕಾನೂನು ತಂದು ಇಂಥ ಕನ್ಸಲ್ಟೆಂಟರಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. ಅಲ್ಲೂ ಮೋಸ ನಿಂತಿಲ್ಲ, ನಿಜ. ಆದರೆ ದೂರು ಕೊಡಲು ಒಂದು ಕಲಮು, ಹಿಡಿಯಲು ಒಂದು ವಿಳಾಸವಾದರೂ ಇದೆ. ಕರ್ನಾಟಕಕ್ಕೂ ಅಂಥ ಕಾನೂನು ಬೇಕು. ಅದರಲ್ಲಿ ಒಂದು ಷರತ್ತು ತಪ್ಪದೆ ಇರಲಿ: ದುಡಿಮೆಯ ಮಿತಿ, ಕನಿಷ್ಠ ಕೂಲಿ, ಬದುಕಿನ ಖರ್ಚು, ಈ ಮೂರನ್ನೂ ಕನ್ನಡದಲ್ಲಿ ಬರೆದು, ತಂದೆ-ತಾಯಿಗೆ ಓದಿ ಹೇಳಿ, ಸಹಿ ಪಡೆದ ಮೇಲೆಯೇ ಹಣ ಮುಟ್ಟಬೇಕು.

ಸೇಡಂನ ಶರಣಪ್ರಕಾಶ ಪಾಟೀಲ, ಚಿತ್ತಾಪುರದ ಪ್ರಿಯಾಂಕ್ ಖರ್ಗೆ ಇಬ್ಬರೂ 2023ರಲ್ಲಿ ನಮ್ಮ ಮತಗಳಿಂದ ಗೆದ್ದು ಸಚಿವರಾದವರು. ಈ ಕಾನೂನಿನ ಮಾತನ್ನು ಅವರೇ ಎತ್ತಬೇಕು. ಕೇಂದ್ರದ ವಿದ್ಯಾರ್ಥಿವೇತನ ತಡವಾದ ಮಕ್ಕಳಿಗೆ ಕೈಸಾಲ ಕೊಡುವ ನಿಧಿಯೊಂದನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ತೆಗೆಸಿಡಬೇಕು. ಅಲ್ಲಿಯವರೆಗೆ, ಮಕ್ಕಳನ್ನು ಕಳಿಸಲು ಹೊರಟಿರುವ ತಂದೆ-ತಾಯಿಗಳಲ್ಲಿ ನನ್ನದೊಂದು ಬೇಡಿಕೆ: ಖರ್ಚಿನ ಪಟ್ಟಿಯಲ್ಲಿ ಪಾರ್ಟ್‌ಟೈಮ್ ಸಂಬಳದ ಮುಂದೆ ಸೊನ್ನೆ ಬರೆಯಿರಿ. ಆಗಲೂ ಪೂರೈಸುವ ಧೈರ್ಯ ಬಂದರೆ ಮಾತ್ರ ಸಾಲದ ಕಾಗದಕ್ಕೆ ಸಹಿ ಹಾಕಿ.