ಬಿಗಿ ಮಾಡಿದ ಮಾತ್ರಕ್ಕೆ ಸ್ಥಿರವಾಗದು



‘ಸ್ಥಿರತೆ ಎಂದರೇನು?’ ಎಂದು ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ‘ಅಲುಗಾಡದೆ ಇರುವುದು ಸಾರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಮೇಜು, ಬೀಸುಕಲ್ಲು, ಅಗಲ ತಳದ ಕೊಡ ಮುಂತಾದ ಉದಾಹರಣೆಗಳೂ ಬರುತ್ತವೆ. ಉತ್ತರ ತಪ್ಪೇನಲ್ಲ, ಆದರೆ ಅರ್ಧ ಮಾತ್ರ ಸರಿ. ಓಡುವ ಸೈಕಲ್ಲು, ಈಜುವ ಮೀನು, ಹಾರುವ ಹದ್ದು ಇವೆಲ್ಲ ಕ್ಷಣಕ್ಷಣವೂ ಅಲುಗಾಡುತ್ತವೆ, ಆದರೂ ಬೀಳುವುದಿಲ್ಲ. ಚಲಿಸುವ ವಸ್ತುವಿನ ಸ್ಥಿರತೆಯೆಂದರೆ ಕದಲದಿರುವುದಲ್ಲ. ಕದಲಿದ ಮೇಲೆ ಮತ್ತೆ ಸರಿಯಾದ ದಾರಿಗೆ ಮರಳುವುದು. ಈ ಉಳಿದರ್ಧವನ್ನು ಕಲಿಸಲು ಒಂದು ಸೊಗಸಾದ ವಿದೇಶಿ ಆಟಿಕೆಯಿದೆ. ಅದೇ ಲಾಂಗ್‌ಬೋರ್ಡ್. ಅದರ ನೆಪದಲ್ಲಿ, ನಾವು ದಿನನಿತ್ಯ ಮಕ್ಕಳ ಕೈಯಿಂದ ಕಸಿದುಕೊಳ್ಳುವ ಇನ್ನೊಂದು ಗಾಡಿಯ ಪರವಾಗಿಯೂ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಹಲಗೆಯ ಕೆಳಗೆ ಏನಿದೆ?

1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಡಲಿನಲ್ಲಿ ಒಳ್ಳೆಯ ಅಲೆಗಳಿಲ್ಲದ ದಿನಗಳಲ್ಲಿ ಅಲೆಸವಾರರು ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಜೋಡಿಸಿ ರಸ್ತೆಯ ಮೇಲೆ ಜಾರತೊಡಗಿದರು. ಹೀಗೆ ಹುಟ್ಟಿದ್ದು ಸ್ಕೇಟ್‌ಬೋರ್ಡ್. ಮೊದಮೊದಲು ಅದಕ್ಕೆ ಉಕ್ಕಿನ ಅಥವಾ ಜೇಡಿ ಮಿಶ್ರಣದ ಗಾಲಿಗಳಿದ್ದವು. ಸಣ್ಣ ಹರಳು ಸಿಕ್ಕರೂ ಗಾಲಿ ನಿಂತು ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬ ಯುವಕ ಪಾಲಿಯುರಿಥೇನ್ ಗಾಲಿಗಳನ್ನು ಮಾರುಕಟ್ಟೆಗೆ ತಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಇದರ ಉದ್ದನೆಯ ಸಹೋದರನೇ ಲಾಂಗ್‌ಬೋರ್ಡ್. ಸುಮಾರು ಒಂದು ಮೀಟರ್ ಉದ್ದದ ಈ ಹಲಗೆ ಇಳಿಜಾರಿನಲ್ಲಿ ದೂರ ಸಾಗಲು ಹೇಳಿ ಮಾಡಿಸಿದ್ದು.

ಹಲಗೆಯನ್ನು ಮಗುಚಿದರೆ ಮುಂದೊಂದು, ಹಿಂದೊಂದು ಲೋಹದ ಚೌಕಟ್ಟು ಕಾಣುತ್ತದೆ. ಇದರ ಹೆಸರು ಟ್ರಕ್. ಟ್ರಕ್ ಎಂದೊಡನೆ ಲಾರಿ ನೆನಪಾದರೆ ಆಶ್ಚರ್ಯವಿಲ್ಲ! ಇಲ್ಲಿ ಮಾತ್ರ ಅದು ಗಾಲಿಗಳ ಅಚ್ಚನ್ನು ಹಿಡಿದು ತಿರುಗಿಸುವ ಭಾಗ. ಹಲಗೆಗೆ ಬೋಲ್ಟುಗಳಿಂದ ಕಚ್ಚಿಕೊಂಡಿರುವುದು ಬೇಸ್‌ಪ್ಲೇಟ್. ಅಚ್ಚನ್ನು ಹೊತ್ತಿರುವುದು ಹ್ಯಾಂಗರ್. ಇವೆರಡನ್ನೂ ಪೋಣಿಸುವ ದಪ್ಪ ಬೋಲ್ಟೇ ಕಿಂಗ್‌ಪಿನ್. ಹ್ಯಾಂಗರಿನ ಮೇಲೊಂದು ಕೆಳಗೊಂದು ಬಿಲ್ಲೆಯಂತೆ ಕೂತಿರುವುದು ಯುರಿಥೇನಿನ ಬುಷ್. ಹ್ಯಾಂಗರಿನ ಮೂಗು ಕೂರಲು ಪಿವಟ್ ಕಪ್ ಎಂಬ ಪುಟ್ಟ ಬಟ್ಟಲೂ ಉಂಟು. ನಮ್ಮೂರಿನ ಗ್ಯಾರೇಜಿನ ಹುಡುಗನಿಗೆ ತೋರಿಸಿದರೆ ಕ್ಷಣಮಾತ್ರದಲ್ಲಿ ಎಲ್ಲವನ್ನೂ ಗುರುತಿಸಿಯಾನು.

ಇದರ ಮೂಲ ಕಲ್ಪನೆ ಬಹಳ ಹಳೆಯದು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬಾತ ರಬ್ಬರಿನ ಮೆತ್ತೆಯುಳ್ಳ ರೋಲರ್ ಸ್ಕೇಟ್ ತಯಾರಿಸಿದ. ಅದಕ್ಕಿಂತ ಮೊದಲಿನ ಗಾಲಿ ಪಾದುಕೆಗಳು ನೇರವಾಗಿ ಓಡುತ್ತಿದ್ದವೇ ಹೊರತು ಸುಲಭವಾಗಿ ತಿರುಗುತ್ತಿರಲಿಲ್ಲ. ಪ್ಲಿಂಪ್ಟನ್ನನ ಸ್ಕೇಟಿನಲ್ಲಿ ಸವಾರ ಯಾವ ಕಡೆ ವಾಲುತ್ತಾನೋ ಗಾಲಿಗಳೂ ಆ ಕಡೆಗೆ ತಿರುಗುತ್ತಿದ್ದವು.

ವಾಲಿದರೆ ತಿರುಗುವ ಗುಟ್ಟು

ಹ್ಯಾಂಗರ್ ತಿರುಗುವ ಅಕ್ಷವು ಹಲಗೆಗೆ ಸಮಾಂತರವಾಗಿಯೂ ಇರುವುದಿಲ್ಲ, ಲಂಬವಾಗಿಯೂ ಇರುವುದಿಲ್ಲ. ಅದು ಓರೆಯಾಗಿರುತ್ತದೆ. ಆದ್ದರಿಂದಲೇ ಹಲಗೆ ವಾಲಿದಾಗ ಅಚ್ಚು ತಿರುಗುತ್ತದೆ. ಎಷ್ಟು ತಿರುಗುತ್ತದೆ ಎಂಬುದನ್ನು ಈ ಓರೆಯ ಕೋನ ನಿರ್ಧರಿಸುತ್ತದೆ. ಹಲಗೆ 10 ಡಿಗ್ರಿ ವಾಲಿತೆನ್ನಿ. ಕೋನ 50 ಡಿಗ್ರಿಯಿದ್ದರೆ ಅಚ್ಚು ಸುಮಾರು 11.7 ಡಿಗ್ರಿ ತಿರುಗುತ್ತದೆ. 42 ಡಿಗ್ರಿಯಿದ್ದರೆ 8.9 ಡಿಗ್ರಿ, 30 ಡಿಗ್ರಿಯಿದ್ದರೆ ಕೇವಲ 5.7 ಡಿಗ್ರಿ. ಊರೊಳಗೆ ಅಂಕುಡೊಂಕಾಗಿ ಸಾಗುವವರಿಗೆ ಹೆಚ್ಚಿನ ಕೋನ ಹಿತ. ವೇಗವಾಗಿ ಇಳಿಯುವವರಿಗೆ ಕಡಿಮೆ ಕೋನ ಹಿತ. ನುರಿತವರು ಹಿಂದಿನ ಟ್ರಕ್ಕಿನ ಕೋನವನ್ನು ಮುಂದಿನದಕ್ಕಿಂತ ಕಡಿಮೆ ಇಟ್ಟುಕೊಳ್ಳುವುದೂ ಉಂಟು. ಹಿಂದಿನ ಗಾಲಿಗಳು ಹೆಚ್ಚು ತಿರುಗಿದರೆ ಏನಾಗುತ್ತದೆಂದು ತಿಳಿಯಲು ಕಾರನ್ನು ವೇಗವಾಗಿ ರಿವರ್ಸ್ ಓಡಿಸಿದವರನ್ನು ಕೇಳಿದರೆ ಸಾಕು!

ವಾಲಿದ ಹಲಗೆಯನ್ನು ಮತ್ತೆ ಮಟ್ಟಕ್ಕೆ ತರುವ ಕೆಲಸ ಬುಷ್‌ನದು. ಅದುಮಿದಷ್ಟೂ ಅದು ತಿರುಗಿ ಒತ್ತುತ್ತದೆ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ಸ್ಥಿತಿಸ್ಥಾಪಕತ್ವದ ನಿಯಮದ ಸರಳ ರೂಪವಿದು. ಬುಷ್‌ಗೆ ಇನ್ನೊಂದು ಗುಣವೂ ಇದೆ. ಅದುಮಿ ಬಿಟ್ಟಾಗ ಅದು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದಷ್ಟನ್ನು ಉಷ್ಣವಾಗಿಸಿಬಿಡುತ್ತದೆ. ಅಲುಗಾಟ ತಾನಾಗಿ ಕುಗ್ಗುವುದಕ್ಕೆ ಇದೂ ಕಾರಣ. ಅಂದರೆ ಒಂದೇ ಬಿಲ್ಲೆ ಸ್ಪ್ರಿಂಗಿನ ಕೆಲಸವನ್ನೂ ತಣಿಸುವ ಕೆಲಸವನ್ನೂ ಮಾಡುತ್ತದೆ.

ಅಲುಗಾಟ ಏಕೆ ಹೆಚ್ಚುತ್ತದೆ?

ವೇಗ ಹೆಚ್ಚಿದಂತೆ ಕೆಲವೊಮ್ಮೆ ಹಲಗೆ ಎಡಕ್ಕೂ ಬಲಕ್ಕೂ ಪಟಪಟನೆ ಹೊಯ್ದಾಡತೊಡಗುತ್ತದೆ. ಅದನ್ನು ತಡೆಯಲು ಹೋದಷ್ಟೂ ಹೆಚ್ಚಾಗಿ ಕೊನೆಗೆ ಸವಾರನನ್ನು ಎಸೆದುಬಿಡುತ್ತದೆ. ಇಲ್ಲಿ ತಪ್ಪು ಹಲಗೆಯದು ಮಾತ್ರವೇ? 1979ರಲ್ಲಿ ಅಮೆರಿಕದ ಮಾಂಟ್ ಹಬ್ಬರ್ಡ್ ಸ್ಕೇಟ್‌ಬೋರ್ಡಿನ ಸ್ಥಿರತೆಯನ್ನು ಗಣಿತದ ಸಮೀಕರಣಗಳಲ್ಲಿ ವಿವರಿಸಿದರು. 2016ರಲ್ಲಿ ಹಂಗೆರಿ ಮತ್ತು ಬ್ರಿಟನ್ನಿನ ಸಂಶೋಧಕರು ಆ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಸಿದರು. ಅದು ಮನುಷ್ಯನ ಪ್ರತಿಕ್ರಿಯೆಯ ವಿಳಂಬ.

ಇದನ್ನು ತರಗತಿಯಲ್ಲೇ ಅಳೆಯಬಹುದು. ಒಬ್ಬರು ಅಳತೆಪಟ್ಟಿಯನ್ನು ನೇತುಹಿಡಿದು ಹೇಳದೆ ಬಿಡಲಿ. ಇನ್ನೊಬ್ಬರು ಬೆರಳುಗಳಿಂದ ಹಿಡಿಯಲಿ. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ವಿಳಂಬ ಸುಮಾರು 0.2 ಸೆಕೆಂಡು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿರುವ ಹಲಗೆ ಅಷ್ಟರಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ಎಡಕ್ಕೆ ವಾಲಿದ್ದನ್ನು ಸರಿಪಡಿಸಲು ಸವಾರ ಬಲಕ್ಕೆ ಒತ್ತುವ ಹೊತ್ತಿಗೆ ಹಲಗೆ ಬಲಕ್ಕೇ ಹೊರಟಿರುತ್ತದೆ! ಆಗ ತಿದ್ದುಪಡಿಯೇ ಉಯ್ಯಾಲೆಗೆ ಕೊಟ್ಟ ನೂಕಿನಂತಾಗುತ್ತದೆ. 2017ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಪೀಟರ್ ಕಾನಲಿ ಎಂಬ ಸವಾರ ನಿಂತೇ ಗಂಟೆಗೆ 146.73 ಕಿಲೋಮೀಟರ್ ವೇಗದಲ್ಲಿ ಇಳಿದು ದಾಖಲೆ ಮಾಡಿದರು. ಅಂಥ ವೇಗದಲ್ಲಿ ಧೈರ್ಯವೊಂದೇ ಸಾಲದು. ಹಲಗೆಯೇ ಬಹುಪಾಲು ತಾನಾಗಿ ಸರಿಹೋಗುವಂತೆ ಹೊಂದಿಸಿರಬೇಕು.

ನಟ್ಟು ತಿರುಗಿಸುವ ಮುನ್ನ

ಹಲಗೆ ಅಲುಗಾಡಿದೊಡನೆ ಹೊಸಬರು ಮಾಡುವುದು ಒಂದೇ ಕೆಲಸ. ಸ್ಪ್ಯಾನರ್ ತಂದು ಕಿಂಗ್‌ಪಿನ್ನಿನ ನಟ್ಟನ್ನು ಇನ್ನಿಲ್ಲದಂತೆ ಬಿಗಿ ಮಾಡುವುದು. ಇದರಿಂದ ಸ್ವಲ್ಪ ಪ್ರಯೋಜನವಿಲ್ಲವೆಂದಲ್ಲ. ಆದರೆ ಮಿತಿಮೀರಿ ಅದುಮಿದ ಬುಷ್ ಉಬ್ಬಿಕೊಂಡು ತನ್ನ ಗುಣ ಕಳೆದುಕೊಳ್ಳುತ್ತದೆ, ಬೇಗ ಬಿರಿಯುತ್ತದೆ. ನಟ್ಟನೆ ನಿಂತ ಹಲಗೆ ತಿರುವಿನಲ್ಲಿ ವಾಲುವುದೇ ಇಲ್ಲ. ಬಲವಂತವಾಗಿ ಒತ್ತಿದಾಗ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ತೀರಾ ಸಡಿಲ ಬಿಟ್ಟರೆ ಗಾಲಿ ಹಲಗೆಗೆ ತಾಗಿ ಕಚ್ಚಿಕೊಳ್ಳುವ ಅಪಾಯ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಸವೆದ ಭಾಗಗಳನ್ನು ನೋಡಬೇಕು. ಬುಷ್ ಬಿರಿದಿದೆಯೇ, ಪಿವಟ್ ಕಪ್ ಸವೆದು ಹ್ಯಾಂಗರ್ ಲಟಪಟ ಎನ್ನುತ್ತಿದೆಯೇ ಎಂದು ಪರೀಕ್ಷಿಸಬೇಕು. ಎರಡನೆಯದಾಗಿ, ಸವಾರನ ತೂಕಕ್ಕೆ ತಕ್ಕ ಬುಷ್ ಆರಿಸಬೇಕು. ಇವುಗಳ ಗಡಸುತನವನ್ನು ಶೋರ್ ‘ಎ’ ಎಂಬ ಮಾನದಲ್ಲಿ ಅಳೆಯುತ್ತಾರೆ. 78ಎ ಮೆದು, 95ಎ ಗಡಸು. ಹಗುರ ಸವಾರನಿಗೆ ಮೆದು, ಭಾರದ ಸವಾರನಿಗೆ ಗಡಸು. ಪೀಪಾಯಿಯಾಕಾರದ ಬುಷ್ ಹೆಚ್ಚು ಸ್ಥಿರ. ಶಂಕುವಿನಾಕಾರದ್ದು ಹೆಚ್ಚು ತಿರುಗುತ್ತದೆ. ಮೂರನೆಯದಾಗಿ, ವಾಷರ್ ಕೈಯಿಂದ ತಿರುಗದಷ್ಟು ನಟ್ಟು ಬಿಗಿದು, ಬೇಕಾದರೆ ಕಾಲು ಕಾಲು ಸುತ್ತಿನಂತೆ ಹೆಚ್ಚಿಸಿ ಪ್ರತಿ ಬಾರಿಯೂ ನಿಧಾನವಾಗಿ ಓಡಿಸಿ ನೋಡಬೇಕು. ಒಂದೆರಡು ಸುತ್ತಿಗೂ ಜಗ್ಗದಿದ್ದರೆ ಬದಲಾಗಬೇಕಾದದ್ದು ನಟ್ಟಲ್ಲ, ಬುಷ್. ಕೊನೆಯದಾಗಿ, ಸವಾರ ಮೊಣಕಾಲು ಮಡಿಸಿ, ಮುಂಗಾಲಿನ ಮೇಲೆ ಹೆಚ್ಚು ಭಾರ ಹಾಕಿ, ಮೈ ಸಡಿಲ ಬಿಟ್ಟು ನಿಲ್ಲಬೇಕು. ಹೆದರಿ ಮೈ ಬಿಗಿದುಕೊಂಡ ಸವಾರನೂ ಅತಿಯಾಗಿ ಬಿಗಿದ ನಟ್ಟೂ ಒಂದೇ!

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೆಯೇ ಇಡು, ಏನಾಯಿತೆಂದು ಬರೆದುಕೋ. ನಾವು ಕರಿಹಲಗೆಯ ಮೇಲೆ ಬರೆದು ಉರು ಹೊಡೆಸುವ ವೈಜ್ಞಾನಿಕ ವಿಧಾನ ಇದಲ್ಲದೆ ಇನ್ನೇನು?

ನಮ್ಮ ಬೇರಿಂಗ್ ಗಾಡಿ

‘ಇದೆಲ್ಲ ಸರಿ, ನಮ್ಮ ಶಾಲೆಯ ಮಕ್ಕಳಿಗೆ ಲಾಂಗ್‌ಬೋರ್ಡ್ ಎಲ್ಲಿಂದ ತರೋಣ?’ ಎಂದು ತಾವು ಕೇಳಬಹುದು. ತರಬೇಕಾಗಿಲ್ಲ. ಗ್ಯಾರೇಜಿನಲ್ಲಿ ಬಿಸಾಕಿದ ಬೇರಿಂಗುಗಳನ್ನು ಹೆಕ್ಕಿ, ಹಲಗೆಗೆ ಅಡ್ಡಪಟ್ಟಿ ಜೋಡಿಸಿ, ನಡುವೆ ಒಂದು ಬೋಲ್ಟು ಹಾಕಿ ನಮ್ಮ ಮಕ್ಕಳು ತಾವೇ ಬೇರಿಂಗ್ ಗಾಡಿ ಕಟ್ಟುತ್ತಾರೆ. ಗಾಲಿ, ಅಚ್ಚು, ಕಿಂಗ್‌ಪಿನ್ ಎಲ್ಲವೂ ಅದರಲ್ಲಿವೆ. ಇಲ್ಲದಿರುವುದು ಬುಷ್ ಒಂದೇ. ಆದ್ದರಿಂದ ಅದರ ಮುಂದಿನ ಅಚ್ಚು ತಾನಾಗಿ ನೇರಕ್ಕೆ ಮರಳುವುದಿಲ್ಲ. ಜೊತೆಗೆ ತಿರುಗಿ ತಿರುಗಿ ನಟ್ಟು ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಟ್ರಕ್ಕಿನ ನಟ್ಟಿನೊಳಗೆ ಬಿಚ್ಚಿಕೊಳ್ಳದಂತೆ ತಡೆಯುವ ನೈಲಾನ್ ಉಂಗುರವಿರುತ್ತದೆ. ನಮ್ಮ ಮಕ್ಕಳು ಒಂದರ ಮೇಲೊಂದು ಎರಡು ನಟ್ಟು ಹಾಕಿ ಪರಸ್ಪರ ಬಿಗಿದರೆ ಅದೇ ಕೆಲಸವಾಗುತ್ತದೆ. ಹಲಗೆಗೂ ಅಡ್ಡಪಟ್ಟಿಗೂ ನಡುವೆ ಹಳೆಯ ಟೈರಿನ ಬಿಲ್ಲೆಯೊಂದನ್ನು ಕೂರಿಸಿದರೆ ಘರ್ಷಣೆಯಿಂದ ಹೊಯ್ದಾಟವೂ ತಗ್ಗುತ್ತದೆ.

ನಾವು ಮಾಡುತ್ತಿರುವುದೇನು? ಗಾಡಿ ಕಂಡೊಡನೆ ಕಸಿದು ಸ್ಟಾಫ್ ರೂಮಿನ ಮೂಲೆಗೆ ತಳ್ಳುತ್ತೇವೆ. ಮಕ್ಕಳು ಮರುದಿನ ಇನ್ನೊಂದನ್ನು ಕಟ್ಟಿ, ನಮ್ಮ ಕಣ್ಣಿಗೆ ಬೀಳದ ಇಳಿಜಾರನ್ನು ಹುಡುಕಿಕೊಳ್ಳುತ್ತಾರೆ. ಕಸಿದುಕೊಂಡದ್ದರಿಂದ ಗಾಡಿ ಸುರಕ್ಷಿತವಾಗಲಿಲ್ಲ. ನಮ್ಮಿಂದ ದೂರವಾಯಿತು ಅಷ್ಟೆ. ಇದೂ ನಟ್ಟು ಬಿಗಿ ಮಾಡುವ ಉಪಾಯವೇ.

ಭಯ ನಿಜವಾದದ್ದೇ, ಅದನ್ನು ಹಗುರವಾಗಿ ಕಾಣಬಾರದು. 5 ಮೀಟರ್ ಎತ್ತರದ ದಿಬ್ಬದಿಂದ ಇಳಿಯುವ ಗಾಡಿ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗ ಪಡೆಯುತ್ತದೆ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಆದ್ದರಿಂದ ರಸ್ತೆಯಲ್ಲಿ ಖಂಡಿತ ಬೇಡ, ಹೆಲ್ಮೆಟ್ ಇಲ್ಲದೆ ಬೇಡ, ದೊಡ್ಡವರಿಲ್ಲದೆ ಬೇಡ. ಶಾಲೆಯ ಬಯಲಿನಲ್ಲಿ, ಆಳೆತ್ತರಕ್ಕೂ ಕಡಿಮೆ ಇಳಿಜಾರಿನಲ್ಲಿ, ಕೆಳಗೆ ಮರಳು ಹರಡಿ ಮಾಡಬಹುದು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಎಷ್ಟು ಎತ್ತರ ಸಾಕೆಂದು ಅವರೇ ಹೇಳುತ್ತಾರೆ.

ಗಾಡಿಯೂ ಬೇಡವೆನ್ನುವ ಶಾಲೆಗಳಿಗೆ ಮೇಜಿನ ಮೇಲಿನ ಪ್ರಯೋಗವಿದೆ. ಹಳೆಯ ಹವಾಯಿ ಚಪ್ಪಲಿಯಿಂದ ಎರಡು, ಟೈರಿನಿಂದ ಎರಡು ಬಿಲ್ಲೆ ಕತ್ತರಿಸಿ ನಡುವೆ ತೂತು ಮಾಡಿ. ಒಂದಡಿ ಉದ್ದದ ಮರದ ಪಟ್ಟಿಯ ಮಧ್ಯೆಯೂ ಬೋಲ್ಟಿಗಿಂತ ಅಗಲದ ತೂತು ಕೊರೆಯಿರಿ. ಉದ್ದ ಬೋಲ್ಟನ್ನು ಒಂದು ಹಲಗೆಗೆ ನೆಟ್ಟಗೆ ಬಿಗಿದು, ಅದಕ್ಕೆ ಬಿಲ್ಲೆ, ಪಟ್ಟಿ, ಬಿಲ್ಲೆ, ವಾಷರ್, ನಟ್ಟು ಹೀಗೆ ಪೋಣಿಸಿ. ಪಟ್ಟಿಯ ಒಂದು ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ನೇತುಹಾಕಿ, ಎಷ್ಟು ಡಿಗ್ರಿ ವಾಲಿತೆಂದು ಕೋನಮಾಪಕದಿಂದ ಅಳೆಯಿರಿ. ನಟ್ಟನ್ನು ಕಾಲು ಸುತ್ತು ಬಿಗಿದು ಮತ್ತೆ ಅಳೆಯಿರಿ. ಆಮೇಲೆ ಬಿಲ್ಲೆ ಬದಲಿಸಿ. ಕೊನೆಗೆ ನಕ್ಷೆ ಬರೆಸಿ. ಮೆದು ಬಿಲ್ಲೆಯನ್ನು ಎಷ್ಟು ಬಿಗಿದರೂ ಅದು ಗಡಸು ಬಿಲ್ಲೆಯಂತೆ ವರ್ತಿಸುವುದೇ? ಉತ್ತರ ಮಕ್ಕಳೇ ಕಂಡುಕೊಳ್ಳಲಿ.

ಮಧ್ಯಪ್ರದೇಶದ ಪನ್ನಾ ಸಮೀಪದ ಜನ್‌ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್‌ಬೋರ್ಡ್ ಅಂಗಳವೊಂದು ತಲೆಯೆತ್ತಿತು. ಅಲ್ಲಿ ಇಟ್ಟ ನಿಯಮಗಳು ಎರಡು: ಹುಡುಗಿಯರಿಗೆ ಮೊದಲ ಆದ್ಯತೆ, ಶಾಲೆಗೆ ಬಾರದವರಿಗೆ ಹಲಗೆಯಿಲ್ಲ. ಆಟ ಮತ್ತು ಶಾಲೆ ಪರಸ್ಪರ ವೈರಿಗಳಾಗಬೇಕಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಶಾಲೆಯ ಹೊರಗಿನ ಬದುಕಿನೊಡನೆ ಕಲಿಕೆಯನ್ನು ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಮಗೆ ಹೇಳಿ ವರ್ಷಗಳೇ ಉರುಳಿವೆ. ತರಬೇತಿಗಳಲ್ಲಿ ತಲೆಯಾಡಿಸಿ ಬಂದ ನಾವು, ಆ ಬದುಕು ಬೇರಿಂಗಿನ ಮೇಲೆ ಗಡಗಡನೆ ಉರುಳಿ ಗೇಟಿನ ಬಳಿ ಬಂದಾಗ ಬಾಗಿಲು ಹಾಕಿಕೊಂಡರೆ ಹೇಗೆ?

ಮುಂದಿನ ಸಲ ಗಾಡಿಯೊಂದು ತಮ್ಮ ಕೈಗೆ ಸಿಕ್ಕಿದರೆ ಮೂಲೆಗೆ ತಳ್ಳುವ ಮೊದಲು ಒಮ್ಮೆ ಮಗುಚಿ ನೋಡಿ. ಕಟ್ಟಿದ ಮಗುವನ್ನು ಕರೆದು, ‘ಈ ನಟ್ಟು ಏಕೆ ಬಿಚ್ಚಿಕೊಳ್ಳುತ್ತದೆ, ಹೇಳಪ್ಪಾ’ ಎಂದು ಕೇಳಿ. ಹುಡುಗಿ ಕಟ್ಟಿದ್ದರೆ ಇನ್ನೂ ಸಂತೋಷ. ಅಂದಿನ ವಿಜ್ಞಾನದ ಪಾಠ ಅಲ್ಲಿಂದಲೇ ಶುರುವಾಗಲಿ. ಏನಂತೀರಿ?