ಎಬೆಟ್ಸ್ ಫೀಲ್ಡಿನ ಮೂರನೇ ಆರೋಪಿ

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಮೂವತ್ತು ವರ್ಷ ಡೊಂಬಿವಲಿಯಿಂದ ಲೋಕಲ್ ಟ್ರೇನ್ ಹಿಡಿದ ಬ್ಯಾಂಕಿನವನಿಗೆ ಕ್ರಿಕೆಟ್ ಸ್ಕೋರು ಗೊತ್ತಿದ್ದರೆ ಸಾಕಲ್ಲ! ಆದರೆ ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಳಿಯ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಜಾಗ ತೋರಿಸಿದ. ಬೆಡ್‌ಫರ್ಡ್ ಅವೆನ್ಯೂ ಮತ್ತು ಸಲಿವನ್ ಪ್ಲೇಸ್ ಸೇರುವ ಮೂಲೆ. ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಮಹಡಿಯ ಫ್ಲ್ಯಾಟುಗಳು, ನಮ್ಮ ಠಾಣೆಯಲ್ಲಿ ಇರುವಂಥವೇ.

"ಇಲ್ಲೇನು ನೋಡೋದಿದೆ?" ಅಂದೆ.

"ಇಲ್ಲೊಂದು ಸ್ಟೇಡಿಯಂ ಇತ್ತು ಮಾವ. ಇಲ್ಲಿನ ಮುದುಕರು ಈಗಲೂ ಅದರ ಹೆಸರು ತೆಗೆದರೆ ಕಣ್ಣೊರೆಸಿಕೊಳ್ತಾರೆ" ಅಂದ. ಗೋಡೆಯಲ್ಲಿ ಒಂದು ಕಲ್ಲಿತ್ತು, ಇದು ಎಬೆಟ್ಸ್ ಫೀಲ್ಡ್ ಇದ್ದ ಜಾಗ ಅಂತ. ಅಷ್ಟೇ ಉಳಿದಿರುವುದು.

ಕುತೂಹಲಕ್ಕೆ ಓದುತ್ತಾ ಹೋದೆ. ಚಾರ್ಲ್ಸ್ ಎಬೆಟ್ಸ್ ಎಂಬಾತ 1883ರಲ್ಲಿ ಬ್ರೂಕ್ಲಿನ್ ತಂಡಕ್ಕೆ ಟಿಕೆಟ್ ಮಾರುವ ಕೆಲಸಕ್ಕೆ ಸೇರಿ, 1898ರಲ್ಲಿ ಅದರ ಅಧ್ಯಕ್ಷನೇ ಆದವನು. ಹಂದಿಗಳು ಕಸ ಕೆದಕುತ್ತಿದ್ದ, ಬಡವರ ಗುಡಿಸಲುಗಳಿದ್ದ ಒಂದು ತಗ್ಗು ಪ್ರದೇಶವನ್ನು ತುಂಡು ತುಂಡಾಗಿ ಕೊಂಡ. ತನ್ನ ಹೆಸರು ಬಯಲಾದರೆ ರೇಟು ಏರುತ್ತದೆಂದು ಬೇರೊಂದು ಕಂಪನಿಯ ಹೆಸರಿನಲ್ಲಿ! ಕಟ್ಟಲು ದುಡ್ಡು ಸಾಲದೆ ಅರ್ಧ ಪಾಲನ್ನು ಮೆಕೀವರ್ ಸಹೋದರರೆಂಬ ಕಂಟ್ರಾಕ್ಟರುಗಳಿಗೆ ಮಾರಿದ. 1913ರ ಏಪ್ರಿಲ್ 9ರಂದು ಅಲ್ಲಿ ಲೀಗಿನ ಮೊದಲ ಪಂದ್ಯ ನಡೆಯಿತು.

1925ರಲ್ಲಿ ಎಬೆಟ್ಸ್ ತೀರಿಕೊಂಡ. ಆತನ ಅಂತ್ಯಕ್ರಿಯೆಯಲ್ಲಿ ಶೀತ ಹಿಡಿದು ಕೆಲವೇ ದಿನಗಳಲ್ಲಿ ಎಡ್ ಮೆಕೀವರ್ ಕೂಡ ಹೋದ. ವಾರಸುದಾರರು ಅರ್ಧ ಆ ಕಡೆ, ಅರ್ಧ ಈ ಕಡೆ. ಪಾಲು ಪಟ್ಟಿ ಆಗದ ಕೂಡು ಕುಟುಂಬದ ಕಥೆ ನಮಗೆ ಹೊಸದೇ? ತಂಡ ಸಾಲದಲ್ಲಿ ಮುಳುಗಿ ಬ್ರೂಕ್ಲಿನ್ ಟ್ರಸ್ಟ್ ಎಂಬ ಬ್ಯಾಂಕಿನ ಹಿಡಿತಕ್ಕೆ ಬಂತು. ಬ್ಯಾಂಕ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು ಅನ್ನಿ. ಆ ಬ್ಯಾಂಕಿನ ಅಧ್ಯಕ್ಷ ಜಾರ್ಜ್ ಮೆಕ್‌ಲಾಫ್ಲಿನ್. 1940ರ ದಶಕದಲ್ಲಿ ತಂಡದ ಕಾನೂನು ವ್ಯವಹಾರ ನೋಡಿಕೊಳ್ಳಲು ಅವನು ಕರೆತಂದ ವಕೀಲನೇ ವಾಲ್ಟರ್ ಓಮ್ಯಾಲಿ. 1950ರಲ್ಲಿ ಓಮ್ಯಾಲಿ ತಂಡದ ಅಧ್ಯಕ್ಷನಾದ.

ಆ ಮೈದಾನದಲ್ಲಿ ಏನೇನು ನಡೆಯಿತು ನೋಡಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮೊದಲ ಬಾರಿಗೆ ಟೀವಿಯಲ್ಲಿ ಕಂಡದ್ದು 1939ರಲ್ಲಿ, ಅಲ್ಲಿಂದಲೇ. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಅಲ್ಲಿ ಕಣಕ್ಕಿಳಿದು, ದಶಕಗಳ ಕಾಲ ಬಿಳಿಯರಿಗೆ ಮಾತ್ರ ಅನ್ನುವಂತಿದ್ದ ಲೀಗಿನ ಬಾಗಿಲು ತೆರೆದ. ಇಷ್ಟೆಲ್ಲ ಆದ ಜಾಗದ ಮೇಲೆ 1960ರ ಫೆಬ್ರವರಿ 23ರಂದು ಕಟ್ಟಡ ಒಡೆಯುವ ಕಬ್ಬಿಣದ ಗುಂಡು ಬಿತ್ತು. ಆ ಗುಂಡಿಗೆ ಬೇಸ್‌ಬಾಲ್ ಚೆಂಡಿನ ಹಾಗೆ ಬಣ್ಣ ಬಳಿದಿದ್ದರಂತೆ!

ಹಾಗಾದರೆ ಮೈದಾನವನ್ನು ಕೊಂದವರು ಯಾರು? ಬ್ರೂಕ್ಲಿನ್‌ನವರನ್ನು ಕೇಳಿದರೆ ಮೊದಲ ಆರೋಪಿ ಓಮ್ಯಾಲಿ. ತಂಡ ಲಾಭದಲ್ಲಿತ್ತು, ಆದರೂ 1956ರಲ್ಲಿ ಮೈದಾನವನ್ನು ಬಿಲ್ಡರ್ ಒಬ್ಬನಿಗೆ ಮಾರಿ, 1957ರ ಅಕ್ಟೋಬರಿನಲ್ಲಿ ತಂಡವನ್ನು ನಾಲ್ಕು ಸಾವಿರ ಕಿಲೋಮೀಟರ್ ಆಚೆಯ ಲಾಸ್ ಏಂಜಲೀಸ್‌ಗೆ ಒಯ್ಯುವುದಾಗಿ ಪ್ರಕಟಿಸಿದ. ಅಲ್ಲಿ ಅವನ ಸ್ಟೇಡಿಯಂ ಎದ್ದ ಚಾವೇಜ್ ರವೀನ್‌ನಿಂದ ಉಳಿದಿದ್ದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು 1959ರಲ್ಲಿ ಪೊಲೀಸರು ಎತ್ತಿ ಹೊರಹಾಕಿದರು. ಎರಡನೇ ಆರೋಪಿ ರಾಬರ್ಟ್ ಮೋಸೆಸ್, ನಗರ ನಿರ್ಮಾಣದಲ್ಲಿ ಅವನ ಮಾತೇ ಕೊನೆ ಅನ್ನುವಂತಿದ್ದ ಅಧಿಕಾರಿ. ಬ್ರೂಕ್ಲಿನ್‌ನ ರೈಲು ನಿಲ್ದಾಣದ ಹತ್ತಿರ ಹೊಸ ಸ್ಟೇಡಿಯಂಗೆ ಓಮ್ಯಾಲಿ ಜಾಗ ಕೇಳಿದರೆ, ಸರ್ಕಾರ ಭೂಮಿ ವಶಪಡಿಸಿ ಕೊಡಲಾಗದು, ಬೇಕಿದ್ದರೆ ಕ್ವೀನ್ಸ್‌ಗೆ ಹೋಗು ಎಂದ. ಅದು ಬ್ರೂಕ್ಲಿನ್ ಅಲ್ಲವಲ್ಲ ಎಂದು ಇವನು ಮುಖ ತಿರುಗಿಸಿದ.

ಇಬ್ಬರೂ ತಪ್ಪಿತಸ್ಥರೇ, ಒಪ್ಪುತ್ತೇನೆ. ಆದರೆ ಬಿ.ಕಾಂ. ಓದಿದವನ ದುರಭ್ಯಾಸ, ನನ್ನ ಕಣ್ಣು ಅಂಕಿಗಳ ಕಡೆ ಹೋಯಿತು. ರಾಬಿನ್ಸನ್ ಬಂದ 1947ರಲ್ಲಿ ಇಡೀ ವರ್ಷದ ಪ್ರೇಕ್ಷಕರು 18 ಲಕ್ಷ. ಬ್ರೂಕ್ಲಿನ್ ತನ್ನ ಮೊದಲ ಹಾಗೂ ಏಕೈಕ ವಿಶ್ವ ಸರಣಿ ಗೆದ್ದ 1955ರಲ್ಲಿ 10.33 ಲಕ್ಷ. 1957ರ ಸೆಪ್ಟೆಂಬರ್ 24ರಂದು ಅಲ್ಲಿ ಕೊನೆಯ ಪಂದ್ಯ. ತಂಡ ಹೊರಡಲಿದೆ ಎಂಬ ಸುದ್ದಿ ಆಗಲೇ ಊರೆಲ್ಲಾ ಹಬ್ಬಿತ್ತು. ಆದರೂ ಬಂದವರು 6,702 ಜನ! ಮೂವತ್ತೆರಡು ಸಾವಿರ ಹಿಡಿಸುವ ಜಾಗದಲ್ಲಿ.

ಉಳಿದವರೆಲ್ಲಿ? ಎರಡನೇ ಮಹಾಯುದ್ಧದ ನಂತರ ಸುಲಭ ಸಾಲ ಸಿಕ್ಕಿ ಲಾಂಗ್ ಐಲ್ಯಾಂಡ್ ಕಡೆ ಸ್ವಂತ ಮನೆ, ಕಾರು ಮಾಡಿಕೊಂಡು ಹೋಗಿದ್ದರು. ಪಕ್ಕದ ಮನೆಗೆ ಕಪ್ಪು ಜನ ಬಂದರೆಂದು ಬಿಟ್ಟು ಹೋದವರೂ ಇದ್ದರು, ರಾಬಿನ್ಸನ್‌ಗೆ ಚಪ್ಪಾಳೆ ತಟ್ಟಿದ ಊರಿನಲ್ಲೇ. ಮೈದಾನದ ಬಳಿ ಏಳುನೂರು ಕಾರಿಗಷ್ಟೇ ಜಾಗ. ಮನೆಯಲ್ಲಿ ಟೀವಿ ಇದೆ, ಯಾಕೆ ಹೋಗಬೇಕು? ಹೋಗಲಿಲ್ಲ. ಆದರೆ ಮೈದಾನ ಮಾತ್ರ ಅಲ್ಲೇ, ಹಾಗೇ ಇರಬೇಕಿತ್ತು, ಬೇಕೆಂದಾಗ ನೆನೆಸಿಕೊಳ್ಳಲು.

ಮೂರನೇ ಆರೋಪಿ ಇವನೇ ಅಂತ ನನಗನ್ನಿಸಿತು. ಇವನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ನೋಡಿದ್ದೆ, ಕನ್ನಡಿಯಲ್ಲಿ.

2009ರಲ್ಲಿ ಊರಿಂದ ಅಣ್ಣ ಫೋನ್ ಮಾಡಿದ್ದ. "ಪಕ್ಕಾಸಿಗೆಲ್ಲ ಗೆದ್ದಲು ಹಿಡಿದಿದೆ ಮಾರಾಯ, ಈ ಮಳೆಗಾಲ ಮಾಡು ನಿಲ್ಲುವುದು ಡೌಟು. ರಿಪೇರಿಗೆ ಎರಡು ಲಕ್ಷ ಆಗ್ತದೆ." ನಾನು ಉದ್ದಕ್ಕೆ ಮಾತಾಡಿದೆ. ಅಪ್ಪ ಕಟ್ಟಿಸಿದ ಮನೆ, ಚಾವಡಿಯ ಕಂಬ ಹಾಗೇ ಇರಬೇಕು, ಯಾವ ಕಾರಣಕ್ಕೂ ಮಾರಬೇಡ ಅಂದೆ. ದುಡ್ಡು ಮುಂದಿನ ವರ್ಷ ನೋಡೋಣ ಅಂದೆ. ಆ ವರ್ಷವೇ ನಾನು ಡೊಂಬಿವಲಿಯಲ್ಲಿ ಎರಡನೇ ಫ್ಲ್ಯಾಟಿಗೆ ಮುಂಗಡ ಕೊಟ್ಟಿದ್ದೆ. ಅದನ್ನು ಅಣ್ಣನಿಗೆ ಹೇಳಲಿಲ್ಲ.

ನಾಲ್ಕು ವರ್ಷ ಮಾಡಿನ ಮೇಲೆ ಪ್ಲಾಸ್ಟಿಕ್ ಹೊದೆಸಿ ದೂಡಿದ ಅಣ್ಣ, 2013ರಲ್ಲಿ ಮಾರಿದ. ನನ್ನ ಪಾಲನ್ನು ಒಂದು ರೂಪಾಯಿ ಬಿಡದೆ ಖಾತೆಗೆ ಹಾಕಿದ. ನಾನೋ ಎರಡು ವರ್ಷ ಅವನೊಡನೆ ಮಾತು ಬಿಟ್ಟೆ. ಇಲ್ಲಿನ ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ "ಅಣ್ಣ ಮನೆ ಮಾರಿಬಿಟ್ಟ" ಅಂತ ಹೇಳಿ ಅಯ್ಯೋ ಅನ್ನಿಸಿಕೊಂಡೆ. ಕೇಳಿದವರೆಲ್ಲ ತಮ್ಮ ತಮ್ಮ ಊರಿನದೂ ಅಂಥದೇ ಕಥೆ ಹೇಳಿದರು. ಊರಲ್ಲಿ ಉಳಿದವರೇ ನಮಗೆಲ್ಲ ಖಳನಾಯಕರು!

ಅಣ್ಣ ಓಮ್ಯಾಲಿ ಅಲ್ಲ, ಅಂಥ ಲಾಭವನ್ನೇನೂ ಅವನು ಮಾಡಲಿಲ್ಲ. ಆದರೆ ನಾನು ಮಾತ್ರ ಲಾಂಗ್ ಐಲ್ಯಾಂಡಿನ ಆ ಪ್ರೇಕ್ಷಕನೇ. ಬಿಟ್ಟು ಬಂದವನಿಗೆ ಅಳುವ ಹಕ್ಕು ಇಲ್ಲ ಅಂತ ನಾನು ಹೇಳುವುದಿಲ್ಲ. ಅಳಲಿ. ಆದರೆ ಹಾಗೇ ಇರಬೇಕು ಅಂತ ಹೇಳುವ ಮುಂಚೆ, ಅದಕ್ಕೆ ತಗಲುವ ಖರ್ಚಿನಲ್ಲಿ ನನ್ನ ಪಾಲೆಷ್ಟು ಅಂತ ಕೇಳಿಕೊಳ್ಳಬೇಕು. ಅದು ದುಡ್ಡೇ ಆಗಬೇಕೆಂದಿಲ್ಲ. ವರ್ಷಕ್ಕೊಮ್ಮೆ ಹೋಗಿ ಒಂದು ವಾರ ಕೂತು ಬರುವುದೂ ಒಂದು ಪಾಲೇ.

ಅಂದ ಹಾಗೆ, ಕ್ವೀನ್ಸ್‌ನಲ್ಲಿ ಮೋಸೆಸ್ ತೋರಿಸಿದ್ದ ಜಾಗದಲ್ಲಿ ಬೇರೊಂದು ತಂಡದ ಸ್ಟೇಡಿಯಂ ಬಂತು. 2009ರಲ್ಲಿ ಅದರ ಪಕ್ಕ ಹೊಸದು ಕಟ್ಟಿದಾಗ ಮುಂಭಾಗವನ್ನು ಎಬೆಟ್ಸ್ ಫೀಲ್ಡಿನ ಹಾಗೇ ಮಾಡಿದರು. ಇತ್ತ ಹಳೆಯ ಜಾಗದ ಫ್ಲ್ಯಾಟುಗಳಲ್ಲಿ 1962ರಿಂದ ಜನ ಬದುಕುತ್ತಿದ್ದಾರೆ, ಸುಮಾರು 1,300 ಮನೆಗಳು. ಅಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಊರು. ನಮ್ಮ ಹಳೆ ಮನೆ ಇದ್ದಲ್ಲೂ ಈಗ ಯಾರದೋ ತಾರಸಿ ಮನೆ ಇದೆಯಂತೆ, ಅಂಗಳದಲ್ಲಿ ಮಗುವಿನ ಸೈಕಲ್ ಇರುತ್ತದಂತೆ. ಅಣ್ಣನೇ ಹೇಳಿದ್ದು, ನಾನು ಅಮೆರಿಕದಿಂದ ಬಂದ ವಾರ ಫೋನ್ ಮಾಡಿದಾಗ. ಎರಡನೇ ಫ್ಲ್ಯಾಟಿನ ವಿಷಯ ಅವತ್ತು ಹೇಳಿದೆ. "ಗೊತ್ತಿತ್ತು ಮಾರಾಯ" ಅಂದ.

ನಿಮ್ಮ ಊರಿನ ಲೆಕ್ಕ ಹೇಗಿದೆ? ಬಿಡುವಾದಾಗ ಒಮ್ಮೆ ಕೂಡಿಸಿ ನೋಡಿ.